ಬ್ರೇಕ್ ಮಸಿಗೆ ಯಾವ ಮದ್ದು? ಘಟ್ಟ ಇಳಿಯುವ ಕಾರಿಗೊಂದು ಹೋಲಿಕೆ

ಕಾರು ತೊಳೆದು ಎರಡೇ ದಿನ ಆಗಿರುತ್ತದೆ. ಬಾಡಿ ಇನ್ನೂ ಫಳಫಳ ಹೊಳೆಯುತ್ತಿರುತ್ತದೆ. ಮುಂದಿನ ಎರಡು ಚಕ್ರ ಮಾತ್ರ ಬಚ್ಚಲೊಲೆಯ ಗೋಡೆಯ ಹಾಗೆ ಕಪ್ಪು. ಅಲಾಯ್ ವೀಲ್ ಇರುವ ಕಾರು ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಶಿವಮೊಗ್ಗದಿಂದ ಕರಾವಳಿಗೆ ಓಡಾಡುವವರಿಗೆ ಇನ್ನೂ ಚೆನ್ನಾಗಿ ಗೊತ್ತು.

ನಾನು ತಿಂಗಳಿಗೆ ಎರಡು ಸಲ ತೀರ್ಥಹಳ್ಳಿ, ಆಗುಂಬೆ ದಾಟಿ ಉಡುಪಿಗೆ ಹೋಗಿ ಬರುತ್ತೇನೆ. ನನ್ನದು ಸಣ್ಣ ಕಾರು, ಬೆಳ್ಳಿ ಬಣ್ಣದ ಅಲಾಯ್. ಏಳು ವರ್ಷದಲ್ಲಿ ಈ ಮಸಿಗೆ ಅಂತ ಅಂಗಡಿಯಲ್ಲಿ ಸಿಗುವ, ಜನ ಹೇಳುವ ಮದ್ದುಗಳಲ್ಲಿ ಹೆಚ್ಚಿನವನ್ನು ಮಾಡಿ ನೋಡಿದ್ದೇನೆ. ಕೆಲವು ಕೆಲಸಕ್ಕೆ ಬಂದವು. ಕೆಲವು ದುಡ್ಡು ದಂಡ. ಒಂದನ್ನಂತೂ ನಮ್ಮ ರಸ್ತೆಗೆ ಹಾಕಲೇಬಾರದು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಮಸಿ ಕಮ್ಮಿ ಮಾಡುವ ಆಸೆಗೆ ಬ್ರೇಕಿನ ಶಕ್ತಿಗೆ ಕೈ ಹಾಕಬೇಡಿ. ಇಳಿಜಾರಿನಲ್ಲಿ ಗೇರಿನಿಂದ ಕೆಲಸ ಮಾಡಿಸಿ, ಬಂದ ಮಸಿ ಚಕ್ರಕ್ಕೆ ಕಚ್ಚದ ಹಾಗೆ ನೋಡಿಕೊಳ್ಳಿ.

ಅದು ಮಸಿಯೋ, ಕೆಮ್ಮಣ್ಣೋ?

ಚಕ್ರದ ಕೊಳೆಯೆಲ್ಲ ಬ್ರೇಕಿನದ್ದಲ್ಲ. ಹೊಸನಗರ, ಸಾಗರದ ಕಡೆ ತೋಟದ ರಸ್ತೆಯಲ್ಲಿ ಓಡಾಡುವ ಕಾರಾದರೆ ಅರ್ಧಕ್ಕರ್ಧ ಕೆಮ್ಮಣ್ಣೇ ಇರುತ್ತದೆ. ಒದ್ದೆ ಬೆರಳಿನಿಂದ ಚಕ್ರವನ್ನು ಒಮ್ಮೆ ಉಜ್ಜಿ ನೋಡಿ. ಮಣ್ಣಾದರೆ ಕೆಂಪಗೆ ಕದಡಿ ಹೋಗುತ್ತದೆ. ಮಸಿಯಾದರೆ ಬೆರಳಿನ ಗೆರೆಗಳೊಳಗೆ ಸೇರಿಕೊಂಡು, ಸೋಪು ಹಾಕಿದರೂ ಬೇಗ ಬಿಡುವುದಿಲ್ಲ. ಇನ್ನೊಂದು ಪರೀಕ್ಷೆ ಇದೆ, ಮಕ್ಕಳಿಗೂ ಇಷ್ಟವಾಗುತ್ತದೆ. ಫ್ರಿಡ್ಜಿಗೆ ಅಂಟಿಸುವ ಅಯಸ್ಕಾಂತಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿ, ಒಣಗಿದ ಮಸಿಯ ಮೇಲೆ ಎಳೆಯಿರಿ. ಸಣ್ಣ ಸಣ್ಣ ಕರಿ ಮುಳ್ಳುಗಳು ಎದ್ದು ನಿಲ್ಲುತ್ತವೆ.

ಅದು ಕಬ್ಬಿಣ. ಬ್ರೇಕ್ ಒತ್ತಿದಾಗ ಪ್ಯಾಡ್ ಬಂದು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಅಮುಕುತ್ತದೆ, ಎರಡೂ ಸವೆಯುತ್ತವೆ. ಡಿಸ್ಕ್ ಬೀಡು ಕಬ್ಬಿಣದ್ದು. ಭದ್ರಾವತಿಯ ಪಕ್ಕದಲ್ಲಿ ಬೆಳೆದ ನಮಗೆ ಬೀಡು ಕಬ್ಬಿಣ ಹೊಸದೇನಲ್ಲ. ಈ ಪುಡಿ ಬಿಸಿಯಾಗಿಯೇ ಹಾರಿ ಬಂದು ಚಕ್ರದ ಬಣ್ಣವನ್ನು ಕಾಯುವ ಲ್ಯಾಕರ್ ಪದರಕ್ಕೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ನೀರು ತಾಗಿದರೆ ತುಕ್ಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಓಡಾಡುವ ಕಾರಿನ ಚಕ್ರ ಒಣಗುವುದೇ ಅಪರೂಪ, ಅಲ್ವಾ? ಹಾಗಾಗಿ ಬಯಲುಸೀಮೆಯಲ್ಲಿ ಸುಮ್ನೆ ಕಪ್ಪಾಗಿ ಕೂತಿರುವ ಮಸಿ ನಮ್ಮಲ್ಲಿ ಬೇಗ ಕಿತ್ತಳೆ ಬಣ್ಣದ ಚುಕ್ಕಿಯಾಗುತ್ತದೆ. ಆಮೇಲೆ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಮುಂದಿನ ಚಕ್ರವೇ ಯಾಕೆ ಜಾಸ್ತಿ ಕಪ್ಪು? ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಬ್ರೇಕುಗಳೇ ಹೆಚ್ಚು ದುಡಿಯುತ್ತವೆ. ಜೊತೆಗೆ ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಹಿಂದೆ ಇರುವುದು ಡ್ರಮ್ ಬ್ರೇಕ್. ಡ್ರಮ್ಮಿನ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ.

ಆದರೆ ಎಡ ಬಲ ಎರಡೂ ಹೆಚ್ಚುಕಮ್ಮಿ ಒಂದೇ ಸಮ ಕಪ್ಪಾಗಬೇಕು. ಇದು ಬಹಳ ಮುಖ್ಯ. ಮೂರು ವರ್ಷದ ಹಿಂದೆ, ಮಳೆಗಾಲ ಮುಗಿದ ಮೇಲೆ, ನನ್ನ ಕಾರಿನ ಎಡ ಮುಂಚಕ್ರ ಬಲದ್ದಕ್ಕಿಂತ ದುಪ್ಪಟ್ಟು ಕಪ್ಪಾಗತೊಡಗಿತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ "ಅದೆಲ್ಲ ಮಾಮೂಲಿ ಸಾರ್, ತೊಳ್ಕೊಳ್ಳಿ" ಅಂದರು. ಒಂದು ಸಂಜೆ ಮನೆಗೆ ಬಂದು ನಿಲ್ಲಿಸಿದ ತಕ್ಷಣ ಎರಡೂ ಚಕ್ರದ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿದೆ. ಬಲಗಡೆ ಬೆಚ್ಚಗೆ. ಎಡಗಡೆ ಕಾದ ಕಾವಲಿಯ ಮೇಲೆ ಕೈ ಹಿಡಿದಷ್ಟು ಝಳ. ಮರುದಿನ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಚಕ್ರ ಬಿಚ್ಚಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ ತೋರಿಸಿದರು. ಅದರ ರಬ್ಬರ್ ಬೂಟು ಹರಿದು, ನೀರು ಇಳಿದು, ಪಿನ್ ತುಕ್ಕು ಹಿಡಿದು ಕೂತಿತ್ತು. ಪೆಡಲ್ ಬಿಟ್ಟರೂ ಪ್ಯಾಡ್ ಪೂರ್ತಿ ಹಿಂದೆ ಸರಿಯುತ್ತಿರಲಿಲ್ಲ. ಒಳಗಡೆಯ ಪ್ಯಾಡ್ ಉಗುರಿನಷ್ಟು ತೆಳ್ಳಗಾಗಿತ್ತು. ಅದೇ ಕಾರಲ್ಲಿ ಹಿಂದಿನ ವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಘಟ್ಟ ಇಳಿದಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದೇ ಚಕ್ರ ಜಾಸ್ತಿ ಕಪ್ಪಾದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ.

ದುಡ್ಡಿಲ್ಲದ ಮದ್ದು: ಗೇರ್

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸೋಮೇಶ್ವರದವರೆಗೆ ಇಳಿದರೆ ಪೇಟೆಯಲ್ಲಿ ಎಷ್ಟೋ ದಿನ ಓಡಿಸಿದಷ್ಟು ಮಸಿ ಒಂದೇ ಇಳಿತದಲ್ಲಿ ಬರುತ್ತದೆ. ಹುಲಿಕಲ್ ಘಾಟಿಯಲ್ಲೂ ಹಾಗೇ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಕಾರನ್ನು ಎಳೆದು ಹಿಡಿಯುತ್ತದೆ, ಬ್ರೇಕಿಗೆ ಕೆಲಸ ಕಮ್ಮಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್ ಅನ್ನುವುದು ಹಳೆಯ ಡ್ರೈವರುಗಳ ಲೆಕ್ಕ. ಹೆಚ್ಚಿನ ಕಡೆ ಎರಡನೇ ಗೇರ್, ತೀರಾ ಕಡಿದಾದ ತಿರುವಿನಲ್ಲಿ ಒಂದು. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ವೇಗ ಇಳಿಸಿ, ಕಾಲು ತೆಗೆದುಬಿಡಿ. ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ಆಟೋಮ್ಯಾಟಿಕ್ ಆದರೆ ಎಲ್ ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುತ್ತೇನೆ ಅನ್ನುವವರ ಮಾತು ಕೇಳಲೇಬೇಡಿ. ಎಂಜಿನ್ ಆಫ್ ಮಾಡಿದರೆ ಇನ್ನೂ ಕಷ್ಟ. ನಾಲ್ಕು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಇದರಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದಾ? ನಾನು ಹಳೆ ಬಿಳಿ ಪಂಚೆಯ ತುಂಡಿನಿಂದ ಪ್ರತಿ ಸಲ ಉಡುಪಿಯಲ್ಲಿ ಚಕ್ರ ಒರೆಸಿ ನೋಡುತ್ತಿದ್ದೆ. ಮೊದಲು ಒಂದೇ ಸಲಕ್ಕೆ ಬಟ್ಟೆ ಇದ್ದಿಲಿನ ಬಣ್ಣ ಆಗುತ್ತಿತ್ತು. ಗೇರಿನಲ್ಲಿ ಇಳಿಯುವುದು ರೂಢಿಯಾದ ಮೇಲೆ ಬೂದಿ ಬಣ್ಣಕ್ಕೆ ಬಂತು. ಪ್ಯಾಡೂ ಮೊದಲಿಗಿಂತ ಜಾಸ್ತಿ ಬಾಳಿಕೆ ಬರುತ್ತಿದೆ.

ಪ್ಯಾಡ್ ಬದಲಿಸಿದರೆ?

ಮಸಿ ಹುಟ್ಟುವ ಜಾಗವೇ ಇದು. ಹಾಗಾಗಿ ಎಲ್ಲರೂ ಮೊದಲು ಇಲ್ಲಿಗೇ ಬರುತ್ತಾರೆ. ಅಂಗಡಿಯಲ್ಲಿ ಕೇಳಿದರೆ ಮುಖ್ಯವಾಗಿ ಮೂರು ಬಗೆ ಹೇಳುತ್ತಾರೆ.

ಆರ್ಗ್ಯಾನಿಕ್ ಪ್ಯಾಡಿನಲ್ಲಿ ನಾರು, ರಬ್ಬರ್, ರಾಳ ಜಾಸ್ತಿ, ಲೋಹ ಕಮ್ಮಿ. ಸದ್ದಿಲ್ಲ, ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ, ಮಸಿಯೂ ಕಮ್ಮಿ. ಆದರೆ ತುಂಬಾ ಕಾದರೆ ಹಿಡಿತ ಬೇಗ ಸಡಿಲವಾಗುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಮೂರರಲ್ಲೊಂದು ಪಾಲಿನಿಂದ ಮೂರರಲ್ಲೆರಡು ಪಾಲಿನವರೆಗೆ ಲೋಹವೇ ಇರುತ್ತದೆ. ಕಾವು ತಡೆಯುವುದರಲ್ಲಿ ಗಟ್ಟಿ. ಮಸಿ ಧಾರಾಳ, ಸ್ವಲ್ಪ ಕಿರ್ ಅನ್ನುವ ಸದ್ದೂ ಉಂಟು. ಮೂರನೆಯದು ಸೆರಾಮಿಕ್. ಇದರ ಪುಡಿ ತೆಳು ಬಣ್ಣದ್ದು, ಚಕ್ರಕ್ಕೆ ಅಷ್ಟಾಗಿ ಅಂಟುವುದಿಲ್ಲ. ಬೆಲೆ ಜಾಸ್ತಿ. ಚಳಿಯ ಬೆಳಿಗ್ಗೆ ಮೊದಲ ಒಂದೆರಡು ಸಲ ಒತ್ತಿದಾಗ ಕಚ್ಚುವುದು ಕಮ್ಮಿ ಅನ್ನಿಸಬಹುದು.

ಚಕ್ರದ ಚೆಂದ ಮಾತ್ರ ನೋಡಿದರೆ ಸೆರಾಮಿಕ್ ಗೆಲ್ಲುತ್ತದೆ. ಶಿವಮೊಗ್ಗ ಪೇಟೆಯೊಳಗೇ, ಗೋಪಿ ಸರ್ಕಲ್, ದುರ್ಗಿಗುಡಿ, ವಿನೋಬನಗರ ಅಂತ ಓಡಾಡುವ ಕಾರಿಗೆ ಒಳ್ಳೆಯ ಕಂಪನಿಯ ಸೆರಾಮಿಕ್ ಪ್ಯಾಡ್ ಹಾಕಿಸಿ, ನನ್ನದೇನೂ ತಕರಾರಿಲ್ಲ. ಆದರೆ ತುಂಬಿದ ಕಾರಿನಲ್ಲಿ ವಾರ ವಾರ ಘಟ್ಟ ಇಳಿಯುವವರು ಮಸಿಯ ಲೆಕ್ಕದಲ್ಲಿ ಪ್ಯಾಡ್ ಆರಿಸಬೇಡಿ. ಕಾರಿನ ಕಂಪನಿ ಯಾವ ಪ್ಯಾಡ್ ಹೇಳಿದೆಯೋ ಅದನ್ನೇ ಹಾಕಿ. ನಾನು ಹಾಗೇ ಮಾಡಿದ್ದೇನೆ. ಅಗ್ಗಕ್ಕೆ ಸಿಗುವ ಹೆಸರಿಲ್ಲದ ಪ್ಯಾಡ್ ಯಾರಿಗೂ ಬೇಡ. ಮತ್ತೆ, ಯಾವ ಪ್ಯಾಡೇ ಆಗಲಿ, ಹೊಸದರಲ್ಲಿ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಪುಡಿ ಜಾಸ್ತಿ ಬರುತ್ತದೆ. ಹಾಕಿಸಿದ ಮೊದಲ ವಾರದಲ್ಲೇ "ಇದೂ ಸರಿಯಿಲ್ಲ" ಅಂತ ತೀರ್ಮಾನ ಮಾಡಬೇಡಿ. ಆ ದಿನಗಳಲ್ಲಿ ಮೆಲ್ಲಗೆ, ಅಂತರ ಬಿಟ್ಟು ಬ್ರೇಕ್ ಹಾಕಿ. ಮಾರನೇ ದಿನವೇ ಘಟ್ಟಕ್ಕೆ ಹೋಗಬೇಡಿ.

ಅಡ್ಡ ತಟ್ಟೆ: ನಮ್ಮ ಕಡೆಗೆ ಬೇಡವೇ ಬೇಡ

ಚಕ್ರಕ್ಕೂ ಬ್ರೇಕಿಗೂ ಮಧ್ಯೆ ಕೂರಿಸುವ ಒಂದು ತಟ್ಟೆ ಸಿಗುತ್ತದೆ, ಡಸ್ಟ್ ಶೀಲ್ಡ್ ಅಂತ ಮಾರುತ್ತಾರೆ. ಮಸಿ ಆಚೆ ಬರದ ಹಾಗೆ ತಡೆಯುತ್ತದೆ, ಅದು ನಿಜ. ತಡೆಯುವುದು ಮಸಿಯನ್ನು ಮಾತ್ರ ಆಗಿದ್ದರೆ ನಾನೂ ಹಾಕಿಸುತ್ತಿದ್ದೆ. ಗಾಳಿಯನ್ನೂ ತಡೆಯುತ್ತದೆ. ಡಿಸ್ಕ್ ಆರುವುದೇ ಗಾಳಿಯಿಂದ.

ಗಾಳಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿ. ತೇವ ಹೀರಿಕೊಂಡ ಮೇಲೆ ಅದೇ ಆಯಿಲ್‌ಗಳಿಗಿರುವ ಮಿತಿ 140 ಮತ್ತು 155 ಡಿಗ್ರಿ ಮಾತ್ರ. ನಾಲ್ಕು ತಿಂಗಳು ಬಟ್ಟೆ ಒಣಗದ ಊರು ನಮ್ಮದು. ಎರಡು ಮೂರು ವರ್ಷ ಬದಲಿಸದ ಆಯಿಲ್, ಗಾಳಿಯಾಡದ ಡಿಸ್ಕ್, ಉದ್ದದ ಇಳಿಜಾರು, ಈ ಮೂರೂ ಸೇರಿದರೆ ಆಯಿಲ್ ಕುದ್ದು ಪೈಪಿನಲ್ಲಿ ಆವಿ ತುಂಬುತ್ತದೆ. ಪೆಡಲ್ ಒತ್ತಿದರೆ ಮೆತ್ತಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಡಿಸ್ಕಿನ ಹಿಂಭಾಗದಲ್ಲಿ ಕಂಪನಿಯವರೇ ಹಾಕಿರುವ ತೆಳು ತಗಡು ಬೇರೆ. ಅದನ್ನು ತೆಗೆಯಬೇಡಿ.

ಕಳೆದ ಬೇಸಿಗೆಯಲ್ಲಿ ಸೋಮೇಶ್ವರದಲ್ಲಿ ನೀರು ಕುಡಿಯಲು ನಿಲ್ಲಿಸಿದ್ದೆ. ಪಕ್ಕದಲ್ಲಿ ಘಟ್ಟ ಇಳಿದು ಬಂದ ಕಾರೊಂದು ನಿಂತಿತು. ಸುಟ್ಟ ವಾಸನೆ, ಮುಂದಿನ ಚಕ್ರದಿಂದ ತೆಳು ಹೊಗೆ. ಓಡಿಸುತ್ತಿದ್ದವರು ಇಳಿದು ಬಾಟಲಿಯ ನೀರನ್ನು ನೇರ ಚಕ್ರಕ್ಕೆ ಎರಚಲು ಹೋದರು. "ಅಯ್ಯೋ, ಹಾಕ್ಬೇಡಿ ಸಾರ್!" ಅಂತ ಕೂಗಿದೆ. ಕೆಂಡದಂತೆ ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಅರ್ಧ ಗಂಟೆ ಸುಮ್ನೆ ನಿಲ್ಲಿಸಿ ಅಂದೆ. ಒಪ್ಪಿ ನಿಲ್ಲಿಸಿದರು. ಮಸಿ ತೊಳೆಯುವಾಗಲೂ ಇದೇ ನಿಯಮ. ಚಕ್ರ ಕೈಗೆ ತಣ್ಣಗೆ ತಾಗುವವರೆಗೆ ನೀರು ಮುಟ್ಟಿಸಬೇಡಿ.

ಮೇಣ, ಸೀಲೆಂಟ್, ಸೆರಾಮಿಕ್ ಕೋಟಿಂಗ್

ಇವು ಯಾವುವೂ ಮಸಿ ಬರುವುದನ್ನು ನಿಲ್ಲಿಸುವುದಿಲ್ಲ. ಕಚ್ಚಿಕೊಳ್ಳುವುದನ್ನು ತಪ್ಪಿಸುತ್ತವೆ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಅಂದುಕೊಳ್ಳಿ. ಮಾರುವವರು ಏನೇ ಹೇಳಲಿ, ತೊಳೆಯುವ ಕೆಲಸ ತಪ್ಪುವುದಿಲ್ಲ, ಹಗುರವಾಗುತ್ತದೆ.

ಕಾರಿನ ಬಾಡಿಗೆ ಹಚ್ಚುವ ಕಾರ್ನೂಬಾ ಮೇಣ ಸುಮಾರು 85 ಡಿಗ್ರಿಗೇ ಕರಗುತ್ತದೆ. ಮುಂದಿನ ಚಕ್ರಕ್ಕೆ ಹಚ್ಚಿದರೆ ಒಂದೆರಡು ಘಟ್ಟಕ್ಕೆ ಅದರ ಕಥೆ ಮುಗಿಯುತ್ತದೆ. ಸಿಂಥೆಟಿಕ್ ಸೀಲೆಂಟ್ ಕಾವು ಜಾಸ್ತಿ ತಡೆಯುತ್ತದೆ. ನನ್ನ ಕಾರಿನಲ್ಲಿ ಎರಡರಿಂದ ಮೂರು ತಿಂಗಳು ಬರುತ್ತಿದೆ. ಮನೆಯಲ್ಲೇ ಹಚ್ಚಬಹುದು, ನಾಲ್ಕು ಚಕ್ರಕ್ಕೆ ಒಂದು ಗಂಟೆ ಸಾಕು. ನನ್ನ ಆಯ್ಕೆ ಇದೇ. ಹಚ್ಚುವಾಗ ಒಂದು ಎಚ್ಚರ. ಬಟ್ಟೆಗೆ ಹಾಕಿಕೊಂಡು ಸವರಿ, ಚಕ್ರಕ್ಕೆ ನೇರ ಸ್ಪ್ರೇ ಮಾಡಬೇಡಿ. ಕಂಡಿಯೊಳಗಿಂದ ಡಿಸ್ಕಿಗೆ ಹಾರಿದರೆ ಬ್ರೇಕ್ ಜಾರುತ್ತದೆ. ಟೈರ್ ಪಾಲಿಶ್‌ಗೂ ಇದೇ ಮಾತು.

ಸೆರಾಮಿಕ್ ಕೋಟಿಂಗ್ ಎಲ್ಲಕ್ಕಿಂತ ದೀರ್ಘ, ಎಲ್ಲಕ್ಕಿಂತ ದುಬಾರಿ. ಸರಿಯಾಗಿ ಮಾಡಬೇಕೆಂದರೆ ಚಕ್ರ ಬಿಚ್ಚಬೇಕು, ಒಳಗೂ ಹೊರಗೂ ಕಬ್ಬಿಣದ ಕಣ ಒಂದೂ ಉಳಿಯದ ಹಾಗೆ ತೊಳೆಯಬೇಕು, ಹಚ್ಚಿದ ಮೇಲೆ ಕಮ್ಮಿಯೆಂದರೂ ಒಂದು ದಿನ ನೀರು ತಾಗಬಾರದು. ಹೊಸ ಕಾರು ಅಥವಾ ಹೊಸ ಅಲಾಯ್ ಆದರೆ ಖರ್ಚು ಮಾಡಬಹುದು. ಮಳೆಗಾಲದಲ್ಲಿ ಮಾತ್ರ ಮಾಡಿಸಬೇಡಿ. ದೀಪಾವಳಿ ಕಳೆದು ಬಿಸಿಲು ನಿಂತ ಮೇಲೆ ಮಾಡಿಸಿ. ಈಗಾಗಲೇ ಚುಕ್ಕಿ ಬಿದ್ದ ಚಕ್ರದ ಮೇಲೆ ಹಾಗೇ ಕೋಟಿಂಗ್ ಹಾಕಿಸಿದರೆ ಚುಕ್ಕಿಗೇ ಗಾಜು ಹಾಕಿಸಿದಂತೆ.

ತೊಳೆಯಲು ಯಾವುದು

ಇಲ್ಲಿ ನನಗೊಂದು ನೋವಿದೆ. ಹೊಸದರಲ್ಲಿ ಕಾರನ್ನು ಒಂದು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ವಾಪಸ್ ಬಂದಾಗ ಚಕ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಖುಷಿಯಾಯಿತು. ಒಣಗಿದ ಮೇಲೆ ನೋಡಿದರೆ ಬೋಲ್ಟಿನ ಸುತ್ತ ಬಿಳಿ ಬಿಳಿ ಕಲೆ, ಸುಣ್ಣ ಚೆಲ್ಲಿದ ಹಾಗೆ. ಆಸಿಡ್ ಹಾಕಿ ಉಜ್ಜಿದ್ದರು. ಆಸಿಡ್ ಮಸಿಯನ್ನು ಒಂದು ನಿಮಿಷದಲ್ಲಿ ತೆಗೆಯುತ್ತದೆ, ಜೊತೆಗೆ ಲ್ಯಾಕರನ್ನೂ ತಿನ್ನುತ್ತದೆ. ಆ ಕಲೆ ಇವತ್ತಿಗೂ ಹೋಗಿಲ್ಲ. ಈಗ ಎಲ್ಲೇ ತೊಳೆಯಲು ಕೊಟ್ಟರೂ "ಚಕ್ರಕ್ಕೆ ಶ್ಯಾಂಪೂ ಮಾತ್ರ ಅಣ್ಣ" ಅಂತ ಮೊದಲೇ ಹೇಳುತ್ತೇನೆ. ಹಿತ್ತಾಳೆ ಬೆಳಗುವ ಹುಣಸೆಹಣ್ಣೂ ಹುಳಿಯೇ, ಅದನ್ನೂ ಅಲಾಯ್‌ಗೆ ಹಚ್ಚಬೇಡಿ. ಸೀಮೆಎಣ್ಣೆ ಟೈರಿನ ರಬ್ಬರಿಗೆ ಒಳ್ಳೆಯದಲ್ಲ. ಪಾತ್ರೆ ತೊಳೆಯುವ ಪುಡಿ, ತೆಂಗಿನ ನಾರು ಎರಡೂ ಗೀರು ಹಾಕುತ್ತವೆ.

ವಾರಕ್ಕೊಮ್ಮೆ ಕಾರ್ ಶ್ಯಾಂಪೂ, ಒಂದು ಬಕೆಟ್ ನೀರು, ಮೆತ್ತನೆ ಬ್ರಷ್. ಇಷ್ಟು ಸಾಕು, ಸೀಲೆಂಟ್ ಇದ್ದರೆ ಹತ್ತು ನಿಮಿಷದ ಕೆಲಸ. ಬೋಲ್ಟಿನ ಗುಳಿಗಳಿಗೆ ಬಣ್ಣ ಹಚ್ಚುವ ಸಣ್ಣ ಬ್ರಷ್ ಚೆನ್ನಾಗಿ ಹೋಗುತ್ತದೆ. ಚಕ್ರದ ಬಟ್ಟೆ, ಬಕೆಟ್ ಬೇರೆಯೇ ಇರಲಿ. ಅದೇ ಬಟ್ಟೆಯಲ್ಲಿ ಬಾನೆಟ್ ಒರೆಸಿದರೆ ಕಬ್ಬಿಣದ ಪುಡಿ ಬಣ್ಣವನ್ನು ಗೀರುತ್ತದೆ. ಒಣ ಮಸಿಯನ್ನು ಗಾಳಿ ಪೈಪಿನಿಂದ ಊದಿಸಬೇಡಿ. ಆ ಪುಡಿ ಬಹಳ ನಯ, ನೇರ ಎದೆಗೆ ಹೋಗುತ್ತದೆ. ಹಳೆಯ ಕಾಲದ ಪ್ಯಾಡುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಬೇರೆ ಇರುತ್ತಿತ್ತು. ಒದ್ದೆ ಮಾಡಿಯೇ ತೆಗೆಯಿರಿ.

ಕಿತ್ತಳೆ ಚುಕ್ಕಿ ಬಿದ್ದಾಗಿದ್ದರೆ ಶ್ಯಾಂಪೂ ಸಾಲದು. ಅದಕ್ಕೆ ಐರನ್ ರಿಮೂವರ್ ಅಂತ ಬರುತ್ತದೆ. ಆಸಿಡ್ ಇಲ್ಲದ, ಪಿಎಚ್ ನ್ಯೂಟ್ರಲ್ ಅಂತ ಬರೆದಿರುವುದನ್ನೇ ಕೇಳಿ. ನೆರಳಿನಲ್ಲಿ, ತಣ್ಣಗಿರುವ ಚಕ್ರಕ್ಕೆ ಹೊಡೆಯಿರಿ. ಅರೆಕ್ಷಣ ಏನೂ ಆಗುವುದಿಲ್ಲ. ಆಮೇಲೆ ಒಂದೊಂದು ಚುಕ್ಕಿಯಿಂದಲೂ ನೇರಳೆ ಹಣ್ಣಿನ ರಸದ ಹಾಗೆ ಬಣ್ಣ ಇಳಿಯತೊಡಗುತ್ತದೆ. ಕಬ್ಬಿಣದ ಜೊತೆ ಮದ್ದು ಕೂಡಿದ ಗುರುತು ಅದು. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆದರಬೇಡಿ. ಕೈಗವಸು ಹಾಕಿಕೊಳ್ಳಿ. ಮೂರ್ನಾಲ್ಕು ನಿಮಿಷಕ್ಕೆ, ಒಣಗುವ ಮೊದಲೇ, ಜೋರಾಗಿ ನೀರು ಬಿಡಿ. ಶ್ಯಾಂಪೂವಿಗಿಂತ ದುಬಾರಿ. ಆದರೆ ವರ್ಷಕ್ಕೆ ಎರಡು ಸಲ ಸಾಕು. ನಾನು ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿಗೆ ಕಾರು ಪೂಜೆಯ ಹಿಂದಿನ ದಿನ ಒಮ್ಮೆ ಮಾಡಿ, ಅದರ ಮೇಲೆ ಸೀಲೆಂಟ್ ಹಚ್ಚುತ್ತೇನೆ.

ಹಾಗಾದರೆ ನಿಮಗೆ ಯಾವುದು?

ಸ್ಟೀಲ್ ಚಕ್ರ, ಮೇಲೆ ಪ್ಲಾಸ್ಟಿಕ್ ಕ್ಯಾಪ್ ಇರುವ ಕಾರಾದರೆ ತಲೆ ಕೆಡಿಸಿಕೊಳ್ಳಬೇಡಿ. ಕ್ಯಾಪ್ ಕಿತ್ತು ಬಕೆಟ್ಟಿನಲ್ಲಿ ಅದ್ದಿ ತೊಳೆದರೆ ಆಯಿತು. ಹೊಸ ಅಲಾಯ್ ತೆಗೆದುಕೊಳ್ಳುವವರು ಬೆಳ್ಳಿ ಬಣ್ಣದ ಬದಲು ಗಾಢ ಬೂದು ಬಣ್ಣದ್ದು, ಕಡ್ಡಿ ಕಮ್ಮಿ ಇರುವುದು ನೋಡಿ. ಮಸಿ ಕಣ್ಣಿಗೆ ಬೀಳುವುದೂ ಕಮ್ಮಿ, ಬ್ರಷ್ ಹೋಗುವುದೂ ಸುಲಭ.

ಪೇಟೆಯೊಳಗಿನ ಓಡಾಟವೇ ಜಾಸ್ತಿ ಇದ್ದರೆ ಸೆರಾಮಿಕ್ ಪ್ಯಾಡ್, ವಾರಕ್ಕೊಂದು ಶ್ಯಾಂಪೂ. ಘಟ್ಟ ಇಳಿಯುವವರಾದರೆ ಕಂಪನಿ ಪ್ಯಾಡ್, ಎರಡನೇ ಗೇರ್, ಮೂರು ತಿಂಗಳಿಗೊಮ್ಮೆ ಸೀಲೆಂಟ್. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್, ಪ್ರತಿ ಮಳೆಗಾಲದ ನಂತರ ಕ್ಯಾಲಿಪರ್ ಪಿನ್. ತೋಟದ ಮನೆಯವರಿಗೆ ಮಣ್ಣೇ ಜಾಸ್ತಿ ಇರುವುದರಿಂದ ಮೊದಲು ಬರೀ ನೀರಿನಲ್ಲಿ ಮಣ್ಣು ಇಳಿಸಿ, ಆಮೇಲೆ ಬ್ರಷ್ ಹಾಕಿ. ಮಣ್ಣಿನ ಮೇಲೆಯೇ ಉಜ್ಜಿದರೆ ಮರಳು ಕಾಗದ ತಿಕ್ಕಿದ ಹಾಗೆ. ಎಲೆಕ್ಟ್ರಿಕ್ ಕಾರಿನವರಿಗೆ ಈ ತಾಪತ್ರಯ ಕಮ್ಮಿ. ಇಳಿಜಾರಿನಲ್ಲಿ ಮೋಟಾರೇ ಎಳೆದು ಹಿಡಿದು ಬ್ಯಾಟರಿ ಚಾರ್ಜ್ ಮಾಡುತ್ತದೆ. ಆದರೆ ಮಲೆನಾಡಿನ ತೇವಕ್ಕೆ, ಬಳಸದ ಡಿಸ್ಕ್ ತುಕ್ಕು ಹಿಡಿಯುತ್ತದೆ. ಅವರು ಆಗಾಗ ಗಟ್ಟಿಯಾಗಿ ಬ್ರೇಕ್ ಒತ್ತುವುದು ಒಳ್ಳೆಯದು.

ತೊಳೆದ ನೀರಿನ ಬಗ್ಗೆಯೂ ಹೇಳಬೇಕು. ಮಸಿಯಲ್ಲಿ ಕಬ್ಬಿಣ ಮಾತ್ರ ಅಲ್ಲ, ಎಷ್ಟೋ ಪ್ಯಾಡುಗಳಲ್ಲಿ ತಾಮ್ರವೂ ಇರುತ್ತದೆ. ತಾಮ್ರ ಮೀನಿಗೆ ವಿಷ. ಅಮೆರಿಕದ ಕ್ಯಾಲಿಫೋರ್ನಿಯ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲೇ ಕಾಯ್ದೆ ತಂದು ಪ್ಯಾಡಿನಲ್ಲಿ ತಾಮ್ರ ಕಮ್ಮಿ ಮಾಡಿಸಿದವು. 2025ರಿಂದ ಅಲ್ಲಿ ಮಿತಿ 0.5 ಶೇಕಡ. ನಮ್ಮ ತುಂಗೆಯಲ್ಲಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮ ಇದೆ, ಮೊಳದುದ್ದದ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ಬರುತ್ತವೆ. ಭಾನುವಾರ ಹೊಳೆಗೆ ಕಾರು ಇಳಿಸಿ ಚಕ್ರ ಉಜ್ಜುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಂಗಳದಲ್ಲಿ, ಬಾವಿಯಿಂದ ದೂರ, ಜಲ್ಲಿ ಹಾಕಿದ ಜಾಗದಲ್ಲಿ ತೊಳೆಯಿರಿ. ಬಕೆಟ್ಟಿನ ಕರಿ ನೀರನ್ನು ತರಕಾರಿ ಮಡಿಗೆ ಹಾಕಬೇಡಿ.